ಕೆನ್ನೆಯ ಕೆಂಪು

"ಇವಳ್ಯಾರೇ?" ಎಂದಳು ಗುಯ್‌ಚೆನ್, ಮಗಳ ಫೋನನ್ನು ಕಣ್ಣಿನ ಹತ್ತಿರ ತಂದು, ಮತ್ತೆ ತೋಳು ಚಾಚಿ ದೂರ ಹಿಡಿದು.

"ನೀನೇ ಅಮ್ಮ. ಇನ್ಯಾರು?"

"ಹೋಗೇ, ಸುಳ್ಳು."

ಕಾಗದದ ಹೂವಿನ ಪೊದೆಯ ಮುಂದೆ ನಿಂತ ಹೆಂಗಸು ಪರದೆಯೊಳಗೆ ಬಿಗುವಾಗಿ ನಗುತ್ತಿದ್ದಳು. ಅವಳ ಎರಡು ಕೆನ್ನೆಗಳೂ ಒಂದೇ ಬಣ್ಣದವಾಗಿದ್ದವು.

ಗುಯ್‌ಚೆನ್‌ಳ ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ಹುಟ್ಟಿನಿಂದಲೇ ಬಂದ ಕಡುಗೆಂಪು ಮಚ್ಚೆಯೊಂದು ಹರಡಿತ್ತು. ಬಿಸಿಲಿಗೆ, ಸಿಟ್ಟಿಗೆ, ನಾಚಿಕೆಗೆ ಅದು ಇನ್ನಷ್ಟು ಗಾಢವಾಗುತ್ತಿತ್ತು. ತನ್ನ ಮದುವೆಯ ಚಿತ್ರಕ್ಕೂ ಪಕ್ಕಕ್ಕೆ ತಿರುಗಿ ನಿಂತಿದ್ದವಳು ಅವಳು. ಮಗಳು ಯುನ್ಹೆಯ ಬಾಲ್ಯದ ಫೋಟೋಗಳಲ್ಲಿ ಅಮ್ಮ ಎಂದರೆ ಅಂಚಿನಲ್ಲಿ ಕಾಣುವ ಒಂದು ಕೈ, ಒಂದು ತೋಳು, ಅಷ್ಟೇ. ಇವತ್ತು ಈ ಬೆಟ್ಟದ ಉದ್ಯಾನದಲ್ಲಿ ಅವಳನ್ನು ನೇರವಾಗಿ ನಿಲ್ಲಿಸಲು ಯುನ್ಹೆ ಬಹಳ ಹೊತ್ತು ಗೋಗರೆಯಬೇಕಾಯಿತು.

ಗೋಗರೆದದ್ದಕ್ಕೆ ಕಾರಣವಿತ್ತು. ಯುನ್ಹೆ ಚೀನಾದ ಶೆನ್ಜೆನ್ ನಗರದ ಒಂದು ಫೋನ್ ಕಂಪನಿಯಲ್ಲಿ ಕ್ಯಾಮೆರಾ ವಿಭಾಗದ ಎಂಜಿನಿಯರು. ಈಗಿನ ಫೋನುಗಳು ಕಂಡದ್ದನ್ನು ಕಂಡ ಹಾಗೆ ಹಿಡಿಯುವುದಿಲ್ಲ. ನಾವು ಗುಂಡಿ ಒತ್ತುವ ಮೊದಲೇ ಅವು ಹಲವು ಚಿತ್ರ ತೆಗೆದಿರುತ್ತವೆ. ಕಣ್ಣು ಯಾವುದು, ಕೂದಲು ಯಾವುದು, ಚರ್ಮ ಯಾವುದು ಎಂದು ಬೇರ್ಪಡಿಸಿ, ಒಂದೊಂದನ್ನೂ ತಿದ್ದಿ, ಮತ್ತೆ ಹೊಲಿದು ಕೈಗೆ ಕೊಡುತ್ತವೆ. ಮುಖದ ಮೇಲಿನದರಲ್ಲಿ ನಾಳೆ ಹೋಗುವ ಮೊಡವೆ ಯಾವುದು, ಕೊನೆಯವರೆಗೂ ಇರುವ ಮಚ್ಚೆ ಯಾವುದು ಎಂದು ಫೋನಿಗೆ ಕಲಿಸುವುದು ಅವಳ ತಂಡದ ಕೆಲಸ. ಬಿಡುಗಡೆಗೆ ಸಿದ್ಧವಾಗಿದ್ದ, ಈಗ ಅಮ್ಮನ ಕೈಯಲ್ಲಿದ್ದ ಹೊಸ ಫೋನು ಎರಡನ್ನೂ ಒಂದೇ ಸಮ ಅಳಿಸುತ್ತಿದೆ ಎಂದು ಅವಳಿಗೆ ಅನುಮಾನವಿತ್ತು. ರಜೆಗೆಂದು ಊರಿಂದ ಬಂದಿದ್ದ ಅಮ್ಮನ ಮುಖಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅಮ್ಮ ಈ ಚಿತ್ರ ನೋಡಿ ಕೆರಳುತ್ತಾಳೆ, ಆ ಸಿಟ್ಟನ್ನೇ ನಾಳೆಯ ಮೀಟಿಂಗಿಗೆ ಹೊತ್ತುಕೊಂಡು ಹೋಗಬಹುದು ಎಂದು ಅವಳು ಎಣಿಸಿದ್ದಳು.

"ಇನ್ನೊಂದು ತೆಗಿ," ಎಂದಳು ಗುಯ್‌ಚೆನ್.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲವಾಯಿತು. ಪೊದೆಯಿಂದ ಕೊಳಕ್ಕೆ, ಕೊಳದಿಂದ ಸೇತುವೆಗೆ, ಗಾಳಿಪಟ ಹಾರಿಸುವವರ ನಡುವೆ ನುಗ್ಗಿ ಆಚೆ ಬದಿಯ ಹುಲ್ಲಿಗೆ. ಒಂದು ಕಡೆ ನಿಲ್ಲುವಳು, ತೆಗೆಸಿಕೊಳ್ಳುವಳು, ಓಡಿ ಬಂದು ನೋಡುವಳು, ನೋಡಿ ಮುಗಿಯುವ ಮೊದಲೇ ಮುಂದಿನ ಜಾಗಕ್ಕೆ ಹೊರಡುವಳು. ಕೆನ್ನೆಗೆ ಅಂಟಿದಂತೆ ಸದಾ ಇಳಿಬಿಡುತ್ತಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಿದ್ದಳು. ಯುನ್ಹೆ ಹಿಂದೆ ಹಿಂದೆ ನಡೆದಳು. ಎದುರಿಗೆ ಅಮ್ಮ ನಿಂತಿದ್ದಳು. ಪರದೆಯಲ್ಲಿ ಅಮ್ಮನ ಬಟ್ಟೆ ಹಾಕಿಕೊಂಡ ಇನ್ಯಾರೋ ಇದ್ದರು.

ಸಂಜೆ ಯುನ್ಹೆ ಅನ್ನಕ್ಕೆ ಇಟ್ಟು ಬಂದು ನೋಡಿದರೆ ಗುಯ್‌ಚೆನ್ ತನ್ನ ಹಳೆಯ ಫೋನಿನಲ್ಲಿ ಮುಳುಗಿದ್ದಳು. ಮಗಳಿಂದ ತರಿಸಿಕೊಂಡ ಉದ್ಯಾನದ ಚಿತ್ರಗಳು ಅಷ್ಟರಲ್ಲೇ ಮನೆಮಂದಿಯ ಚಾಟ್ ಗುಂಪು ಸೇರಿದ್ದವು. ಯುನ್ಹೆಯ ಸೋದರತ್ತೆ ಫೆಂಗ್ ಧ್ವನಿಸಂದೇಶ ಕಳಿಸಿದ್ದಳು: "ಲೇ ಗುಯ್‌ಚೆನ್, ಏನೇ ಇದು! ಲೇಸರ್ ಮಾಡಿಸ್ಕೊಂಡ್ಯಾ? ಹೇಳ್ಲೇ ಇಲ್ವಲ್ಲೇ ಕಳ್ಳಿ!"

"ಏನಂತ ಉತ್ತರ ಕೊಟ್ಟೆ?" ಎಂದು ಕೇಳಿದಳು ಯುನ್ಹೆ.

"ಹೂಂ ಅಂದೆ."

"ಅಮ್ಮಾ!"

"ಏನೀಗ? ಕೇಳಿದ್ಲು, ಹೂಂ ಅಂದೆ. ಮಗಳು ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋದ್ಲು ಅಂದೆ."

"ಅತ್ತೆ ಮಗನ ಮದುವೆಗೆ ಹೋಗ್ಬೇಕಲ್ಲ ನೀನು. ಆಗ ಏನ್ ಮಾಡ್ತೀಯ? ಮುಖಕ್ಕೆ ಫೋನ್ ಕಟ್ಕೊಂಡು ಹೋಗ್ತೀಯಾ?"

ಗುಯ್‌ಚೆನ್ ನಕ್ಕಳು. ನಗು ಬೇಗ ಇಂಗಿತು. ಎದ್ದು ಕಿಟಕಿಯವರೆಗೆ ಹೋದಳು, ಬಂದಳು, ಒಲೆಯ ಮೇಲಿದ್ದ ಮೆಣಸಿನಕಾಯಿ ಪಲ್ಯವನ್ನು ಸುಮ್ಮನೆ ಸೌಟಿನಿಂದ ಕೆದಕಿದಳು. "ನಂಗೊಂದು ಅರ್ಥ ಆಗಲ್ಲ. ನಿನ್ನ ಫೋನು ಬೀಗ ತೆಗೆಯೋವಾಗ ಮುಖದ ಗುರುತು ಹಿಡಿಯತ್ತೆ. ಕತ್ತಲಲ್ಲೂ ಹಿಡಿಯತ್ತೆ. ಫೋಟೋ ತೆಗೆಯೋವಾಗ ಮಾತ್ರ ಯಾಕೆ ಮರೆಯತ್ತೆ?"

"ಅದು ಬೇರೆ ಅಮ್ಮ. ಬೀಗಕ್ಕೆ ಮೂಗು, ಮೂಳೆ, ಕಣ್ಣಿನ ಅಂತರ ಬೇಕು. ಬಣ್ಣ ಬೇಕಾಗಿಲ್ಲ."

"ಒಳ್ಳೇ ಬೀಗ."

ಅಮ್ಮನ ಸುಳ್ಳನ್ನು ನಿಜ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಆತುರದಲ್ಲಿ ಯುನ್ಹೆ ಅಂದುಬಿಟ್ಟಳು: "ಅಷ್ಟು ಆಸೆ ಇದ್ರೆ ನಿಜವಾಗ್ಲೂ ಲೇಸರ್ ಮಾಡಿಸೋಣ ಬಿಡು. ಈಗ ಅದೇನು ಕಷ್ಟ ಅಲ್ಲ. ನಾನೇ ಕರ್ಕೊಂಡು ಹೋಗ್ತೀನಿ."

ಗುಯ್‌ಚೆನ್ ಸೌಟನ್ನು ಕೆಳಗಿಟ್ಟಳು.

"ನಿಂಗೂ ಇದು ಬೇಡ್ವಾ?" ಎಂದಳು.

"ಅಯ್ಯೋ, ನಾನು ಹಾಗಂದ್ನಾ? ನೀನೇ..."

"ನಾನು ಬೇಡ ಅನ್ನೋದು ಬೇರೆ. ನೀನು ಚಿಕ್ಕವಳಿದ್ದಾಗ ಮಲಗೋಕೆ ಮುಂಚೆ ಇದರ ಮೇಲೆ ಕೈ ಇಟ್ಕೋತಿದ್ದೆ. ಬೆಚ್ಚಗಿದೆ ಅಂತಿದ್ದೆ." ಬಟ್ಟಲುಗಳನ್ನು ತಂದು ಮೇಜಿನ ಮೇಲಿಟ್ಟಳು. ಅವಳ ಎಡಗೆನ್ನೆ ನೇರಳೆಯ ಹತ್ತಿರ ಹತ್ತಿರ ಬಂದಿತ್ತು. "ಉಣ್ಣು. ಆರಿಹೋಗತ್ತೆ."



ಮರುದಿನ ಮೀಟಿಂಗಿನಲ್ಲಿ ಯುನ್ಹೆ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ತೆರೆದು ಕೂತಿದ್ದಳು. ಒಳಗೆ ಅಮ್ಮನ ಎರಡು ಚಿತ್ರಗಳಿದ್ದವು: ಫೋನು ತಿದ್ದಿ ಕೊಟ್ಟದ್ದು, ಮತ್ತು ತಂಡದವರ ಫೋನುಗಳಲ್ಲಿ ಮಾತ್ರ ಉಳಿಯುವ, ಏನನ್ನೂ ತಿದ್ದದ ಮೂಲ. ವಿಭಾಗದ ಮುಖ್ಯಸ್ಥ ಷಿಯಾ ಕಾಲು ಅಲ್ಲಾಡಿಸುತ್ತಾ, ಗಡಿಯಾರ ನೋಡುತ್ತಾ ಮಾತಾಡುತ್ತಿದ್ದ.

"ಮೊಡವೆ ಹೋಗತ್ತೆ, ಕಲೆ ಹೋಗತ್ತೆ, ಕೆಲವರ ಮಚ್ಚೆನೂ ಹೋಗತ್ತೆ. ಸರಿ. ಯಾರು ದೂರು ಕೊಡ್ತಾರೆ ಹೇಳಿ? ಥ್ಯಾಂಕ್ಸ್ ಹೇಳ್ತಾರೆ. ಯುನ್ಹೆ, ನಿಮ್ಮದೇನೋ ಆಕ್ಷೇಪ ಇತ್ತಲ್ಲ?"

ಎಲ್ಲರೂ ಅವಳತ್ತ ತಿರುಗಿದರು. ಸೇತುವೆಯ ಮೇಲೆ ಕೂದಲು ಹಿಂದಕ್ಕೆ ಸಿಕ್ಕಿಸಿಕೊಂಡು ನಿಂತ ಅಮ್ಮ ಅವಳ ಕಣ್ಣ ಮುಂದೆ ಬಂದಳು. ಇನ್ನೊಂದು ತೆಗಿ, ಇನ್ನೊಂದು. ದೂರು ಕೊಡುವವರು ಯಾರು? ತಾನು ಕೊಡಬಹುದು, ಆದರೆ ಆ ಕೆನ್ನೆ ತನ್ನದಲ್ಲ.

"ಇಲ್ಲ," ಎಂದಳು. ಲ್ಯಾಪ್‌ಟಾಪ್ ಮುಚ್ಚಿದಳು.

ಫೋನು ಹೇಗಿತ್ತೋ ಹಾಗೆಯೇ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಗುಯ್‌ಚೆನ್ ಊರಿಗೆ ಮರಳಿ, ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗತೊಡಗಿದ್ದಳು. ಯುನ್ಹೆ ಮೊದಲ ಕಂತಿನಲ್ಲೇ ಒಂದು ಫೋನನ್ನು ಅವಳಿಗೆ ಕಳಿಸಿದಳು. ಅಂದಿನಿಂದ ವೀಡಿಯೊ ಕರೆಯಲ್ಲೂ ಅಮ್ಮ ನುಣುಪು ಕೆನ್ನೆಯವಳಾಗಿ ಬರತೊಡಗಿದಳು. ಆ ಮುಖದೊಂದಿಗೆ ಯುನ್ಹೆಗೆ ಮಾತೇ ಹುಟ್ಟುತ್ತಿರಲಿಲ್ಲ. ಅಮ್ಮ ದಣಿದಿದ್ದಾಳೋ, ಮುನಿದಿದ್ದಾಳೋ ತಿಳಿಯುತ್ತಿರಲಿಲ್ಲ. ಅದನ್ನೆಲ್ಲ ಅವಳು ಇಷ್ಟು ವರ್ಷ ಓದಿದ್ದು ಆ ಕೆಂಪಿನಲ್ಲೇ ಎಂದು ಈಗ ಗೊತ್ತಾಯಿತು. ಏನೋ ನೆಪ ಹೇಳಿ ಬೇಗ ಕರೆ ಮುಗಿಸುವಳು, ಆಮೇಲೆ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುವಳು.

ಮದುವೆ ಹತ್ತಿರ ಬಂದಂತೆ ಗುಯ್‌ಚೆನ್‌ಳ ಕರೆಗಳು ಹೆಚ್ಚಾದವು.

"ಸೊಂಟ ಹಿಡ್ಕೊಂಡಿದೆ ಅಂತ ಹೇಳ್ಬಿಡೇ. ನಾನು ಬರಲ್ಲ."

"ಹಿಡ್ಕೊಂಡಿದ್ಯಾ?"

"ಇಲ್ಲ."

"ಹಾಗಾದ್ರೆ ಹೊರಡು. ನಾನೂ ಬರ್ತೀನಿ."

ಫೆಂಗ್ ಅತ್ತೆಯ ಹಳ್ಳಿ ತಲುಪಿದಾಗ ಪಟಾಕಿಯ ಕೆಂಪು ಕಾಗದದ ಚೂರು ಅಂಗಳದ ತುಂಬಾ ಚೆಲ್ಲಿತ್ತು. ದುಂಡು ಮೇಜುಗಳ ಸುತ್ತ ಕೂತ ಹೆಂಗಸರು ಸೂರ್ಯಕಾಂತಿ ಬೀಜ ಕಡಿಯುತ್ತಾ ಹರಟುತ್ತಿದ್ದರು. ಗುಯ್‌ಚೆನ್ ಗೇಟಿನ ಹತ್ತಿರವೇ ನಿಂತು ಕೂದಲನ್ನು ಮುಂದಕ್ಕೆ ಎಳೆದುಕೊಂಡಳು, ಹಿಂದಕ್ಕೆ ತಳ್ಳಿದಳು, ಮತ್ತೆ ಮುಂದಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಫೆಂಗ್ ಕಂಡೇಬಿಟ್ಟಳು.

"ಬಂದ್ಲಪ್ಪಾ ಶೆನ್ಜೆನ್ ಸುಂದರಿ!" ಎನ್ನುತ್ತಾ ಕೈ ಒರೆಸಿಕೊಂಡು ಬಂದವಳು ನಡುದಾರಿಯಲ್ಲೇ ನಿಂತಳು. "ಏನೇ ಇದು? ವಾಪಸ್ ಬಂತಾ?"

ಬೀಜ ಕಡಿಯುವ ಸದ್ದು ನಿಂತಿತು. ಯುನ್ಹೆ ಮುಂದೆ ಬಂದು, "ಅತ್ತೆ, ಅದು ಏನಾಯ್ತು ಅಂದ್ರೆ..." ಎಂದು ಶುರುಮಾಡಿದಳು. ಗುಯ್‌ಚೆನ್ ಅವಳ ಮುಂಗೈಯನ್ನು ಉಗುರು ಊರುವಷ್ಟು ಬಲವಾಗಿ ಒತ್ತಿದಳು.

"ಹೋಗಿದ್ರೆ ತಾನೇ ವಾಪಸ್ ಬರೋಕೆ, ಅತ್ತಿಗೆ? ಲೇಸರೂ ಇಲ್ಲ ಗೀಸರೂ ಇಲ್ಲ. ಸುಳ್ಳು ಹೇಳ್ದೆ. ಫೋಟೋದಲ್ಲಿ ಅಳಿಸಿದ್ದು ಈ ಫೋನು." ಹಿಡಿದಿದ್ದ ಕೈಯನ್ನು ಮೇಲೆತ್ತಿದಳು. "ಫೋನಿಗೆ ಅದನ್ನ ಕಲಿಸಿದ್ದು ಇವಳು. ನನ್ನ ಮಗಳು."

ಫೆಂಗ್ ಒಂದು ಗಳಿಗೆ ಇಬ್ಬರನ್ನೂ ನೋಡಿದಳು. "ನಿಜವಾ? ಹಾಗಾದ್ರೆ ನಂದೊಂದು ತೆಗೆಯೇ, ನೋಡೋಣ."

ತೆಗೆದದ್ದೇ ತಡ, ಅಂಗಳದಲ್ಲಿ ಗಲಾಟೆಯೆದ್ದಿತು. ಫೆಂಗ್‌ಳ ಕೆನ್ನೆಯ ಕಂದು ಕಲೆಗಳೆಲ್ಲ ಮಾಯ! ಮದುಮಗಳ ದೊಡ್ಡಮ್ಮನ ಹಣೆಯ ಮೇಲಿನ ಹಳೇ ಗಾಯದ ಗುರುತು ಮಾಯ! "ನಂದು, ನಂದು" ಎಂದು ಹೆಂಗಸರು ಮುಗಿಬಿದ್ದರು. "ನನ್ನ ಗಂಡನ್ನೂ ಅಳಿಸುತ್ತಾ ಕೇಳೇ" ಎಂದಳು ಒಬ್ಬಳು. ಗುಯ್‌ಚೆನ್ ನಗುತ್ತಾ, ಬೆವರುತ್ತಾ, ಗತ್ತಿನಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು.

ಕೊನೆಗೆ ಫೆಂಗ್ ಅವಳ ಕೈಯಿಂದ ಫೋನು ಕಿತ್ತುಕೊಂಡಳು. "ಈಗ ನಾನು, ನೀನು. ಬಾ." ಭುಜಕ್ಕೆ ಭುಜ ತಾಗಿಸಿ ಒತ್ತಿದಳು, ನೋಡಿದಳು, ಮುಖ ಹುಳ್ಳಗೆ ಮಾಡಿಕೊಂಡಳು. "ಥೂ. ನೀನು ನಮ್ಮನೆ ಸೊಸೆಯಾಗಿ ಬಂದಾಗಿಂದ ಈ ಕೆನ್ನೆ ನೋಡ್ಕೊಂಡೇ ನಿನ್ನ ಬೈದಿದೀನಿ. ಇವಳನ್ನ ಹೇಗೆ ಬೈಯ್ಲಿ? ಗುರುತೇ ಇಲ್ಲ. ಇರು, ಇನ್ನೊಂದು ತೆಗೀತೀನಿ."

ಇನ್ನೊಂದರಲ್ಲೂ ಅದೇ. ನೆರಳಿಗೆ ಹೋಗಿ ತೆಗೆದಳು, ಅದೇ. ಮುಂದಿನ ಕ್ಯಾಮೆರಾ, ಹಿಂದಿನ ಕ್ಯಾಮೆರಾ, ಅದೇ. "ಯುನ್ಹೆ, ಇದನ್ನ ನಿಲ್ಲಿಸೋದು ಹೇಗಮ್ಮ? ನಂಗೆ ನಮ್ಮ ಗುಯ್‌ಚೆನ್ ಬೇಕು."

"ನಿಲ್ಸೋಕಾಗಲ್ಲ ಅತ್ತೆ," ಎಂದಳು ಯುನ್ಹೆ. ಬಿಸಿಲಿಗಿಂತ ಆ ಮಾತಿಗೆ ಅವಳ ಕಿವಿ ಸುಟ್ಟಿತು. "ಅದಕ್ಕೆ ಗುಂಡಿ ಇಟ್ಟಿಲ್ಲ."

"ಇದೆಂಥ ಫೋನೇ!" ಎಂದು ಫೆಂಗ್ ಅದನ್ನು ಗುಯ್‌ಚೆನ್‌ಳ ಮಡಿಲಿಗೆ ಹಾಕಿ, ಮೀನಿನ ತಟ್ಟೆ ತರಲು ಒಳಗೆ ಹೋದಳು. ಗುಯ್‌ಚೆನ್ ಮಾತ್ರ ಆ ಜೋಡಿ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡುತ್ತಾ ಕೂತಳು.

ಮರುದಿನ ಪಟ್ಟಣಕ್ಕೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಹಳ್ಳಿ ದಾಟಿದ ಮೇಲೆ ಕೇಳಿದಳು: "ಎರಡೂ ಇರೋ ಹಾಗೆ ಮಾಡಕ್ಕಾಗಲ್ವೇನೇ? ನಾನು ಅಳಿಸು ಅಂದಾಗ ಅಳಿಸ್ಲಿ, ಬಿಡು ಅಂದಾಗ ಬಿಡ್ಲಿ. ಯಾರನ್ನೂ ಕೇಳದೆ ಅಳಿಸೋಕೆ ಅದ್ಯಾರು?"

"ಆಗತ್ತೆ. ಹೇಳ್ಬೇಕಾಗಿತ್ತು ನಾನು. ಹೇಳ್ಲಿಲ್ಲ."

"ಯಾಕೆ?"

"ನೀನು ಅವತ್ತು ಅಷ್ಟು ಖುಷಿಯಾಗಿದ್ಯಲ್ಲ."

ಗುಯ್‌ಚೆನ್ ಹೊರಗಿನ ಕಮಲದ ಕೆರೆಗಳನ್ನು ನೋಡಿದಳು. "ಖುಷಿಯೇ. ಈಗ್ಲೂ ಆ ಫೋಟೋ ಅಳಿಸಲ್ಲ ನಾನು," ಎಂದಳು. ಆಮೇಲೆ ಮಗಳ ಮೊಣಕೈ ತಟ್ಟಿ, "ಈಗ ಹೇಳು ಅವರಿಗೆ. ನನ್ನ ಮುಖ ಬೇಕಾದ್ರೆ ತೋರಿಸು."

ಯುನ್ಹೆ ತನ್ನ ಪರೀಕ್ಷೆಯ ಫೋನು ತೆಗೆದಳು. ಏನನ್ನೂ ತಿದ್ದದ ಬಗೆಯನ್ನು ಹುಡುಕಿ ಎತ್ತಿ ಹಿಡಿದಳು. ಗುಯ್‌ಚೆನ್ ಬೆರಳಿಗೆ ಎಂಜಲು ಹಚ್ಚಿ ಹುಬ್ಬು ತೀಡಿಕೊಂಡು, ಎಡಗೆನ್ನೆಯನ್ನು ಮಗಳ ಕಡೆ ತಿರುಗಿಸಿ, ಬಸ್ಸು ಕುಲುಕುತ್ತಿದ್ದರೂ ಅಲುಗದೆ ಕೂತಳು. ಆಮೇಲೆ ಕೈಚಾಚಿ ಫೋನು ಇಸಿದುಕೊಂಡು ನೋಡಿದಳು.

"ಕಣ್ಣು ಚೆನ್ನಾಗಿ ಬಂದಿದೆ," ಎಂದಳು.

ಯುನ್ಹೆ ಆ ಚಿತ್ರವನ್ನು ಷಿಯಾಗೆ ಕಳಿಸಿದಳು. ಕೆಳಗೆ, ಇದು ನನ್ನ ತಾಯಿ, ಅವತ್ತು ನಾನು ಬಾಯಿ ಬಿಡದೆ ತಪ್ಪು ಮಾಡಿದೆ, ಮುಂದಿನ ಅಪ್‌ಡೇಟ್‌ನಲ್ಲಿ ಇದನ್ನು ಬದಲಿಸಲೇಬೇಕು ಎಂದು ಬರೆದಳು. ಆಚೆಯಿಂದ ಟೈಪ್ ಮಾಡುತ್ತಿರುವ ಗುರುತು ಕಾಣಿಸಿತು, ಹೋಯಿತು, ಮತ್ತೆ ಕಾಣಿಸಿತು. ಕೊನೆಗೆ ಉತ್ತರ ಬಂತು: "ನಾಳೆ ಬೆಳಿಗ್ಗೆ ಮೊದಲ ಕೆಲಸ ಇದೇ. ವಾದ ಸಿದ್ಧ ಮಾಡ್ಕೊಂಡು ಬನ್ನಿ, ನಾನು ಸುಲಭಕ್ಕೆ ಒಪ್ಪಲ್ಲ."

ಅಮ್ಮನಿಗೆ ಓದಿ ಹೇಳೋಣವೆಂದು ತಿರುಗಿದರೆ ಗುಯ್‌ಚೆನ್ ಬಾಯಿ ತುಸು ತೆರೆದುಕೊಂಡು ನಿದ್ದೆಹೋಗಿದ್ದಳು. ಕಿಟಕಿಗೆ ಪರದೆ ಇರಲಿಲ್ಲ. ಬಿಸಿಲು ನೇರ ಅವಳ ಎಡಗೆನ್ನೆಯ ಮೇಲೆ ಬಿದ್ದು, ಕೆಂಪು ಇನ್ನೂ ಗಾಢವಾಗುತ್ತಿತ್ತು. ಯುನ್ಹೆ ಅಂಗೈಯನ್ನು ಅದಕ್ಕೆ ಅಡ್ಡ ಹಿಡಿದಳು. ಬಸ್ಸು ಕೆರೆಯ ಏರಿಯ ಮೇಲೆ ತಿರುಗಿದಾಗಲೆಲ್ಲ ಬಿಸಿಲು ಜಾಗ ಬದಲಿಸುತ್ತಿತ್ತು. ಅವಳು ಕೈಯನ್ನು ಅಷ್ಟಷ್ಟೇ ಸರಿಸುತ್ತಾ ಕೂತಳು.