ಇಪ್ಪತ್ತೊಂಬತ್ತನೇ ತಾರೀಖಿನ ರಸೀದಿ

ನನ್ನದು ಅನುಮಾನದ ಬುದ್ಧಿ. ತೂಕ ಮಾಡಿಸಿ ತಂದ ಬೆಲ್ಲವನ್ನು ಮನೆಯಲ್ಲಿ ಮತ್ತೆ ತೂಗುವವಳು ನಾನು. ಕೊಟ್ಟೂರು ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್, ಟೈಪಿಂಗ್ ಅಂಗಡಿ ಇಟ್ಟವಳಿಗೆ ಈ ಬುದ್ಧಿ ಇರಲೇಬೇಕು ಎಂದು ತಿಳಿದಿದ್ದೆ. ಫೋನ್ ಕಂಪನಿ ಬದಲಿಸಿ ಎರಡೂ ಕಡೆಯ ಬಿಲ್ಲು ಕಟ್ಟುತ್ತಿದ್ದ ಮೂವರು ಗಿರಾಕಿಗಳಿಗೆ ನಾನೇ ದೂರು ಟೈಪ್ ಮಾಡಿಕೊಟ್ಟಿದ್ದೆ. ಓದು ಬಂದವರೂ ಹೀಗೆ ಮೋಸ ಹೋಗುತ್ತಾರಲ್ಲ ಎಂದು ಒಳಗೊಳಗೇ ನಕ್ಕಿದ್ದೆ.

ಹಾಗಾಗಿ 2008ರ ಫೆಬ್ರವರಿಯಲ್ಲಿ ಮನೆಯ ಫೋನು, ಬ್ರಾಡ್‌ಬ್ಯಾಂಡ್ ಎರಡನ್ನೂ ಹೊಸ ಕಂಪನಿಗೆ ಬದಲಿಸುವಾಗ ಎಲ್ಲವನ್ನೂ ಅಳೆದು ತೂಗಿ ಮಾಡಿದೆ. ಹದಿನೈದು ದಿನ ಮೊದಲೇ ಕೂಡ್ಲಿಗಿಗೆ ಹೋಗಿ ಹಳೇ ಕಂಪನಿಯ ಆಫೀಸಿನಲ್ಲಿ ಅರ್ಜಿ ಕೊಟ್ಟೆ. ನಕಲಿನ ಮೇಲೆ ಸೀಲು ಒತ್ತಿಸಿಕೊಂಡೆ. ಮಾಡೆಮ್ಮು, ಫೋನು ವಾಪಸು ಬಂದು ಜಮಾ ಆಗುವತನಕ ಬಿಲ್ಲು ನಿಲ್ಲುವುದಿಲ್ಲ ಎಂದು ಅಲ್ಲಿನ ಗುಮಾಸ್ತ ಬೊಮ್ಮಯ್ಯ ಹೇಳಿದ. ಹೊಸದು ಮಾರ್ಚ್ ಒಂದಕ್ಕೆ ಶುರುವಾಗುತ್ತಿತ್ತು. ಒಂದು ದಿನವೂ ಎರಡು ಕಡೆ ಕಟ್ಟಬಾರದೆಂದು, ಇಪ್ಪತ್ತೊಂಬತ್ತಕ್ಕೇ ಆಳು ಕಳಿಸಿ ಎಂದೆ.

"ಹುಲುಗಪ್ಪನ್ನ ಕಳಸ್ತೀನ್ರಿ. ನಂಬಿಗಸ್ಥ ಅದಾನ. ಏಳು ವರ್ಷದಿಂದ ಗುತ್ತಿಗಿ ಮ್ಯಾಲೆ ಕಂಬ ಹತ್ತಾಕತ್ತ್ಯಾನ, ಬರೋ ಮೇ ತಿಂಗಳು ಕಾಯಂ ಆಗ್ತಾನ," ಎಂದ ಬೊಮ್ಮಯ್ಯ.

ಒಬ್ಬನನ್ನು ಇನ್ನೊಬ್ಬರು ನಂಬಿಗಸ್ಥ ಎಂದರೆ ನನ್ನ ಕಣ್ಣು ಮೊದಲು ಅವನ ಮೇಲೇ ಬೀಳುತ್ತದೆ. ರಸೀದಿಯನ್ನು ನಾನೇ ಟೈಪ್ ಮಾಡಿದೆ. 'ಮಾಡೆಮ್ ಒಂದು, ಫೋನ್ ಒಂದು, ವೈರು ಸಮೇತ ದಿನಾಂಕ 29-2-2008ರಂದು ಪಡೆದಿರುತ್ತೇನೆ.' ಎಲ್ಲವನ್ನೂ ರಟ್ಟಿನ ಡಬ್ಬಿಗೆ ತುಂಬಿ ಅತ್ತೆ ಗುರುಬಸಮ್ಮನ ಮುಂದಿಟ್ಟೆ. ಗಂಡ ಲಾರಿಯ ಮೇಲೆ ಊರೂರು ತಿರುಗುವವನು, ಹಗಲು ಮನೆಯಲ್ಲಿರುವುದು ಅತ್ತೆ ಒಬ್ಬರೇ.

"ಅತ್ತಿ, ಮೊದ್ಲು ಸಹಿ, ಆಮ್ಯಾಲೆ ಡಬ್ಬಿ. ಸಹಿ ಹಾಕೋ ಮಟ ಮುಟ್ಟಾಕ ಬಿಡಬ್ಯಾಡ್ರಿ," ಎಂದೆ.

"ಆತು ಬಿಡವ್ವ, ಅದೇನು ಬಂಗಾರದ ಡಬ್ಬಿ ಏನು?" ಎಂದರು ಅತ್ತೆ.

ಸಂಜೆ ಮನೆಗೆ ಬಂದರೆ ಬಾಗಿಲಿಗೆ ಕೀಲಿ. ನೀಲಗುಂದಕ್ಕೆ ಕೊಟ್ಟಿದ್ದ ನಾದಿನಿಗೆ ಹೆರಿಗೆ ನೋವು ಬಂತೆಂದು ಅತ್ತೆ ಮಧ್ಯಾಹ್ನದ ಬಸ್ಸಿಗೇ ಹೋಗಿದ್ದರು. ಟಿ.ವಿ. ಮೇಲೆ ರಸೀದಿ ಇತ್ತು, ಅದರ ಕೆಳಗೆ ಹುಲುಗಪ್ಪನ ದಪ್ಪಕ್ಷರದ ಸಹಿ. ಡಬ್ಬಿ ಇರಲಿಲ್ಲ. ರಸೀದಿಯನ್ನು ಎರಡು ಜೆರಾಕ್ಸ್ ಮಾಡಿ ಫೈಲಿಗೆ ಹಾಕಿದೆ. ಆ ದಿನ ನನ್ನ ಜಾಣತನಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಏಪ್ರಿಲ್ ಮೊದಲ ವಾರ ಎರಡು ಕಂಪನಿಯ ಬಿಲ್ಲೂ ಒಂದೇ ದಿನ ಬಂದವು. ಮೈಯೆಲ್ಲ ಉರಿದುಹೋಯಿತು. ಕೂಡ್ಲಿಗಿಗೆ ಫೋನು ಹಚ್ಚಿದರೆ, ಮಾಡೆಮ್ ಜಮಾ ಆಗಿಲ್ಲ, ಲೈನು ಚಾಲ್ತಿಯಲ್ಲಿದೆ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಖಾತ್ರಿಯಾಯಿತು. ನನ್ನ ಮಾಡೆಮ್ಮನ್ನು ಯಾರಿಗೋ ಮಾರಿ, ನನ್ನ ಹೆಸರಿನ ಲೈನು ಅವರಿಗೆ ಕೊಟ್ಟಿದ್ದಾನೆ! ನಮ್ಮ ಕಂಬದಿಂದ ಹೋಗುವ ವೈರುಗಳನ್ನು ಒಂದೊಂದಾಗಿ ನೋಡುತ್ತ ಓಣಿ ತುಂಬ ಅಡ್ಡಾಡಿದೆ. ಯಾರ ಕಿಟಕಿಯಲ್ಲಾದರೂ ಹಸಿರು ದೀಪ ಮಿನುಗುತ್ತದೆಯೇ ಎಂದು ಇಣುಕಿದೆ. ಹಿಂದಿನ ಮನೆಯ ದ್ಯಾಮಕ್ಕ, "ಏನವ್ವಾ ವಾಣಿಶ್ರೀ, ಬೆಕ್ಕು ಕಳದೈತೇನು?" ಎಂದು ಕೇಳಿದಳು. ಅವಳ ಮೇಲೂ ಅನುಮಾನ ಬಂತು. ಹುಲುಗಪ್ಪ ಹೊಸ ಸೈಕಲ್ ತಗೊಂಡಿದ್ದಾನೆ ಎಂದು ಗಿರಾಕಿಯೊಬ್ಬರು ಹೇಳಿದ್ದೇ ತಡ, ನಾನು ದೂರು ಟೈಪ್ ಮಾಡಲು ಕೂತೆ.

ದೂರು ಚೆನ್ನಾಗಿಯೇ ಬಂತು. 'ಇಂಥವನನ್ನು ಕಾಯಂ ಮಾಡುವುದು ಗ್ರಾಹಕರಿಗೆ ಮಾಡುವ ದ್ರೋಹ' ಎಂಬ ಸಾಲು ಎರಡು ಸಲ ಓದಿ ಖುಷಿಪಟ್ಟೆ. ರಸೀದಿಯ ನಕಲು ಲಗತ್ತಿಸಿ ಕಂಪನಿಯ ಮೇಲಿನವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ವಾರದಲ್ಲೇ ಹುಲುಗಪ್ಪ ಅಂಗಡಿಗೆ ಬಂದ. ನಲವತ್ತು ದಾಟಿದ, ತೆಳ್ಳಗಿನ ಮನುಷ್ಯ. ಕೌಂಟರಿನಿಂದ ಎರಡು ಹೆಜ್ಜೆ ಆಚೆಗೇ ನಿಂತ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ.

"ಅಕ್ಕಾರ, ನಾ ಡಬ್ಬಿ ಒಯ್ದಿಲ್ರಿ."

"ಈ ಸಹಿ ಯಾರದು?"

"ನಂದೇರಿ. ಆದ್ರ ಅವತ್ತು ಅಮ್ಮಾರು..."

"ಅತ್ತಿ ಊರಾಗಿಲ್ಲ ಅಂತ ಗೊತ್ತಿದ್ದೇ ಅವರ ಹೆಸರು ಹೇಳಾಕತ್ತಿಯಲ್ಲ?"

"ಒಂದು ಮಾತು ಫೋನ್ ಮಾಡಿ ಕೇಳ್ರಿ ಅಕ್ಕಾರ. ಈ ತಿಂಗಳ ಕೊನೀಗೆ ಕಾಯಂ ಆಗೋರ ಪಟ್ಟಿ ಹೋಗತೈತಿ."

ಕೇಳಬಹುದಿತ್ತು. ಮೊಬೈಲು ಕೈಯಲ್ಲೇ ಇತ್ತು. ಆದರೆ ಬಾಣಂತಿ ಮನೆಗೆ ಇಂಥ ಕಳ್ಳರ ಪಂಚಾಯ್ತಿ ಯಾಕೆ ಒಯ್ಯಬೇಕು ಎಂದೆ. ನಿಜ ಹೇಳಬೇಕೆಂದರೆ, ಸಹಿ ಹಾಕಿದ ರಸೀದಿ ಕೈಯಲ್ಲಿರುವಾಗ ಇನ್ನೊಬ್ಬರನ್ನು ಕೇಳುವುದು ನನಗೆ ಅವಮಾನವಾಗಿತ್ತು. ಹುಲುಗಪ್ಪ ಹೊರಟುಹೋದ.

ಮೇ ಎರಡನೇ ವಾರ ಅತ್ತೆ ಬಂದರು. ಕೈಕಾಲು ತೊಳೆದು, ಮೊಮ್ಮಗನ ಮೂಗು ಯಾರ ಹಾಗಿದೆ ಎಂಬುದನ್ನೆಲ್ಲ ಹೇಳಿ ಮುಗಿಸಿ, ಸೀರೆ ಇಡಲು ತಮ್ಮ ಟ್ರಂಕಿನ ಕೀಲಿ ತೆಗೆದರು.

"ಅಯ್ಯ, ಇದು ಇಲ್ಲೇ ಉಳದೈತಲ್ಲ!"

ಸೀರೆಗಳ ಮೇಲೆ ಆ ರಟ್ಟಿನ ಡಬ್ಬಿ ಕೂತಿತ್ತು.

"ಅವತ್ತು ಶುಕ್ರವಾರ ಅಲ್ಲೇನವ್ವ. ಮಂಗಳವಾರ, ಶುಕ್ರವಾರ ಮನಿಯಿಂದ ಹೆಪ್ಪು ಸೈತ ಹೊರಗ ಕೊಡಂಗಿಲ್ಲ ನಾವು. ನಾಳೆ ಬಾರಪ್ಪ ಅಂದೆ. ಆತು ಅಮ್ಮಾ ಅಂದ. ಮೊದ್ಲು ಸಹಿ ಅಂತ ನೀ ಹೇಳಿದ್ದಿ, ಹಾಕಿಸ್ಕೊಂಡೆ. ನೀ ಅಷ್ಟು ಜ್ವಾಪಾನ ಅಂದಿದ್ದಕ್ಕ ಟ್ರಂಕಿನಾಗ ಇಟ್ಟು ಕೀಲಿ ಹಾಕಿದೆ. ಆಮ್ಯಾಲೆ ಹೆರಿಗಿ ಸುದ್ದಿ ಬಂತು, ನಿನಗ ಹೇಳಾದು ಮರ್ತೇ ಹೋತು."

ತಾರೀಖು ನೋಡಿದ್ದೆ, ಬಿಲ್ಲಿನ ತಿಂಗಳು ನೋಡಿದ್ದೆ, ವಾರ ನೋಡಿರಲಿಲ್ಲ. ಡಬ್ಬಿ ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿ ಕೂಡ್ಲಿಗಿಗೆ ಓಡಿದೆ. ಬೊಮ್ಮಯ್ಯ ಡಬ್ಬಿಯನ್ನು ಜಮಾ ಮಾಡಿಕೊಂಡು, ಅರ್ಜಿ ಮೊದಲೇ ಕೊಟ್ಟಿದ್ದರಿಂದ ಮಾರ್ಚಿನಿಂದೀಚೆಯ ಬಿಲ್ಲು ರದ್ದಾಗುತ್ತದೆ ಎಂದ. ದೂರು ಹಿಂದಕ್ಕೆ ಪಡೆಯುತ್ತೇನೆ ಎಂದೆ.

"ತಗೊಳ್ರಿ. ಆದ್ರ ಕಾಯಂ ಆದೋರ ಪಟ್ಟಿ ಹೋದ ವಾರನ ಬಂತು. ಅವನ ಹೆಸರಿಲ್ಲ. ಗುತ್ತಿಗೀನೂ ತೆಗದಾರ," ಎಂದ.

ವಿಳಾಸ ಕೇಳಿಕೊಂಡು ಹೊಸಹಳ್ಳಿಗೆ ಹೋದೆ. ಹುಲುಗಪ್ಪ ಯಾರದೋ ಕೊಟ್ಟಿಗೆಗೆ ತಗಡು ಹೊದಿಸುತ್ತಿದ್ದ. ನನ್ನನ್ನು ಕಂಡು ಇಳಿದು ಬಂದ. ಎಲ್ಲ ಹೇಳಿದೆ. ತಪ್ಪು ನನ್ನದೇ, ಮೇಲಿನವರಿಗೆ ಇನ್ನೊಂದು ಕಾಗದ ಬರೆಯುತ್ತೇನೆ, ನಾನೇ ಹೋಗಿ ನಿಲ್ಲುತ್ತೇನೆ ಎಂದೆ. ಅವನು ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡ.

"ಮರುದಿನ ಬಂದಿದ್ದೆ ಅಕ್ಕಾರ, ಕೀಲಿ ಇತ್ತು. ಅವತ್ತ ಹಡಗಲಿಗೆ ಕೆಲಸಕ್ಕ ಕಳಿಸಿದ್ರು, ತಿಂಗಳ ಮಟ ಅಲ್ಲೇ ಉಳದೆ. ಇರಲಿ ಬಿಡ್ರಿ."

"ಡಬ್ಬಿ ಕೈಗೆ ಬರದ ಸಹಿ ಯಾಕ ಹಾಕಿದ್ಯಪ್ಪ?" ಎಂದೆ. ಆಗಲೂ ನನಗೆ ಅದೇ ಪ್ರಶ್ನೆ.

ಹುಲುಗಪ್ಪ ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ, ಪ್ರಶ್ನೆಯೇ ಅರ್ಥವಾಗದವನ ಹಾಗೆ ನೋಡಿದ.

"ನಾಳೆ ಕೊಡ್ತೀನಿ ಅಂತ ಅಮ್ಮಾರು ಹೇಳಿದ್ರಲ್ರೀ," ಎಂದ.