ಹದಿನೇಳನೆಯ ಜೋಡಿ

"ಹೂಂ," ಎಂದರು ಟೈಪಿಂಗ್ ಮೇಡಂ.

ಅವರ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಬೇಕಾಗಿದ್ದ ಸಿಸ್ಟರ್, ಮಂಚದ ಕೆಳಗೆ ತಲೆ ತೂರಿಸಿ, ಹಿಡಿಯಿಂದ ಕಳಚಿ ಬಿದ್ದ ನೈಲಾನ್ ಎಳೆಗಾಗಿ ನೆಲ ಸವರುತ್ತಿದ್ದಳು. ಅರ್ಧ ಬೆರಳುದ್ದದ ಎಳೆ; ಬಿದ್ದರೆ ಕಣ್ಣಿಗೆ ಸಿಗುವುದು ಕಷ್ಟ. ಮೇಲೆ ಮೇಡಂ ಕಣ್ಣು ಮುಚ್ಚಿ, ಎರಡೂ ಪಾದಗಳನ್ನು ಮಂಚದ ಅಂಚಿನಿಂದಾಚೆ ಚಾಚಿ ನೆಟ್ಟಗೆ ಮಲಗಿದ್ದರು.

ಎಳೆ ಸಿಕ್ಕಿತು. ಸಿಸ್ಟರ್ ಎದ್ದು ಸ್ಟೂಲಿನ ಮೇಲೆ ಕೂತಳು. ಹಳೆಯ ಸ್ಟೂಲು ಕಿರ್ರೆಂದಿತು.

"ಹೂಂ," ಎಂದರು ಮೇಡಂ ಮತ್ತೊಮ್ಮೆ, ಹಾಜರಿ ಹೇಳುವ ಶಾಲೆಯ ಹುಡುಗಿಯ ಹಾಗೆ.

ಸಿಸ್ಟರಿಗೆ ಮೊದಲು ನಗು ಬಂತು. ಅದು ತುಟಿಗೆ ಬರುವ ಮೊದಲೇ ಕೈಯಲ್ಲಿದ್ದ ಎಳೆಯ ಕಡೆ ನೋಡಿದಳು; ಅದು ಇನ್ನೂ ಮೇಡಂ ಕಾಲನ್ನು ಮುಟ್ಟಿರಲೇ ಇಲ್ಲ.

ಮೂರು ವರ್ಷದಿಂದ ಅವಳ ಕೆಲಸ ಇದೇ. ಸಕ್ಕರೆ ಕಾಯಿಲೆಯವರ ಪಾದದ ನರಗಳು ಯಾವಾಗ, ಎಲ್ಲಿಂದ ಮರಗಟ್ಟಲು ಶುರುವಾಗುತ್ತವೆ ಎನ್ನುವ ಸಂಶೋಧನೆ ಆಸ್ಪತ್ರೆಯ ಎರಡನೆಯ ಮಹಡಿಯ ಈ ಕೋಣೆಯಲ್ಲಿ ನಡೆಯುತ್ತಿತ್ತು. ಬಂದವರು ಕಣ್ಣು ಮುಚ್ಚಬೇಕು. ಅವಳು ಎಳೆಯ ತುದಿಯನ್ನು ಪಾದದ ಹತ್ತು ಕಡೆ ಒಂದೊಂದಾಗಿ ಇಟ್ಟು, ಎಳೆ ಬಾಗುವಷ್ಟು ಒತ್ತಬೇಕು. ಗೊತ್ತಾದರೆ ಅವರು ಹೂಂ ಅನ್ನಬೇಕು. ಗೊತ್ತಾಗದಿದ್ದರೆ, ಆ ಜಾಗಕ್ಕೆ ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲವೆಂದೇ ಲೆಕ್ಕ. ಪ್ರತಿ ರೋಗಿಯ ಜೊತೆಗೆ, ಹೋಲಿಸಿ ನೋಡಲು, ಕಾಯಿಲೆಯಿಲ್ಲದ ಒಬ್ಬರು ಬೇಕು. ಹೆಚ್ಚುಕಡಿಮೆ ಅದೇ ವಯಸ್ಸಿನವರು, ಅದೇ ಮನೆಯ ಊಟ ಉಂಡವರು ಆದರೆ ಒಳ್ಳೆಯದು. ಹೀಗಾಗಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡ ಹೆಂಡತಿಯರೇ. ದೊಡ್ಡ ಡಾಕ್ಟರು ಅವರನ್ನು ಕಾಗದದಲ್ಲಿ ಏನೇನೋ ಕರೆಯುತ್ತಿದ್ದರು. ಸಿಸ್ಟರಿನ ಬಾಯಲ್ಲಿ ಮಾತ್ರ ಅವರು ಒಂದನೇ ಜೋಡಿ, ಎರಡನೇ ಜೋಡಿ.

ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ ಮೇಡಂ ಮತ್ತು ಅವರ ಯಜಮಾನರು ಹದಿನೇಳನೆಯ ಜೋಡಿ. ಯಜಮಾನರು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು, ಎಲ್ಲರಿಗೂ ಪೇಂಟರ್ ಎಂದೇ ಪರಿಚಯ. ಇಪ್ಪತ್ತು ವರ್ಷದ ಶುಗರು. ಐದು ವರ್ಷದ ಹಿಂದೆ ಚಪ್ಪಲಿಯೊಳಗೆ ಎದ್ದ ಮೊಳೆಯ ಮೇಲೆ ಎರಡು ದಿನ ಆರಾಮಾಗಿ ಓಡಾಡಿ, ಕೊನೆಗೆ ಬಲಗಾಲಿನ ಕಿರುಬೆರಳನ್ನು ಇದೇ ಆಸ್ಪತ್ರೆಯಲ್ಲಿ ಬಿಟ್ಟು ಹೋಗಿದ್ದರು. ಅಂದಿನಿಂದ ಗಂಡನ ಪಾದಗಳ ಅಧಿಕಾರ ಮೇಡಂ ಕೈಗೆ ಬಂದಿತ್ತು. ಬರಿಗಾಲಲ್ಲಿ ಬಚ್ಚಲಿಗೆ ಹೋಗುವುದಕ್ಕೂ ಪೇಂಟರಿಗೆ ಅಪ್ಪಣೆಯಿರಲಿಲ್ಲ. ಯಾವ ಬೆರಳ ಸಂದಿಯಲ್ಲಿ ಚರ್ಮ ಬಿರಿದಿದೆ, ಎಷ್ಟು ದಿನವಾಯಿತು, ಯಾವ ಮುಲಾಮಿಗೆ ಬಗ್ಗಿತು ಎಂಬುದನ್ನೆಲ್ಲ ಮೇಡಂ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಸಿಸ್ಟರ್ ಬರೆದುಕೊಳ್ಳುತ್ತಿದ್ದಳು, ಅಷ್ಟೆ.

ಮೇಡಂ ಆರೋಗ್ಯವಂತರ ಪಟ್ಟಿಯವರು. ಮೂರು ವರ್ಷ, ಆರು ಸಲ, ಹತ್ತಕ್ಕೆ ಹತ್ತು.

ಆ ಹತ್ತರ ಹಿಂದೆ ಸಿಸ್ಟರಿನ ಒಂದು ಸೋಮಾರಿತನವಿತ್ತು. ಕ್ರಮ ತಪ್ಪಿಸಿ ಮುಟ್ಟಬೇಕು, ನಡುನಡುವೆ ಮುಟ್ಟದೆ ಸುಮ್ಮನಿದ್ದು ನೋಡಬೇಕು ಎಂದು ನಿಯಮ. ಕಾಯಿಲೆಯವರಿಗೆ ಅವಳು ಅದನ್ನು ಚಾಚೂ ತಪ್ಪದೆ ಮಾಡುತ್ತಿದ್ದಳು. ಚೆನ್ನಾಗಿರುವವರಿಗೆ ಮೊದಮೊದಲು ಮಾಡಿ ಆಮೇಲೆ ಬಿಟ್ಟುಬಿಟ್ಟಿದ್ದಳು. ತಾಯಿಯ ವಯಸ್ಸಿನವರನ್ನು ಬೇಕೆಂದೇ ಏಮಾರಿಸಿ ನೋಡಲು ಅವಳಿಗೆ ಸಂಕೋಚ. ಹೊರಗೆ ಬೆಂಚಿನ ಮೇಲೆ ಕಾಯುವವರು ಬೇರೆ. ಹೆಬ್ಬೆರಳಿನಿಂದ ಶುರು, ಹಿಮ್ಮಡಿಗೆ ಮುಗಿತಾಯ, ಒಂದೇ ವೇಗ.

ಈಗ ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು, ಸ್ಟೂಲಿನ ಮೇಲೆ ಸುಮ್ಮನೆ ಮುಂದಕ್ಕೆ ಬಾಗಿದಳು. ಕಿರ್.

"ಹೂಂ."

ಆಮೇಲೆ ಉಸಿರು ಬಿಗಿಹಿಡಿದು, ಸ್ಟೂಲು ಅಲುಗದಂತೆ ಕೈಯನ್ನಷ್ಟೇ ಚಾಚಿ, ಎಳೆಯನ್ನು ಮೇಡಂ ಹೆಬ್ಬೆರಳಿಗೆ ಒತ್ತಿದಳು. ಎಳೆ ಬಿಲ್ಲಿನಂತೆ ಬಾಗಿತು. ಮೇಡಂ ಮುಖ ನಿಶ್ಚಿಂತವಾಗಿತ್ತು. ಎರಡನೆಯ ಬೆರಳು, ಪಾದದ ನಡುವು, ಹಿಮ್ಮಡಿ, ಬಲಗಾಲು, ಎಡಗಾಲು. ಮೇಡಂ ಸ್ಟೂಲು ಕಿರ್ ಅನ್ನುವುದನ್ನೇ ಕಾಯುತ್ತ ಮಲಗಿದ್ದರು.

"ಏನ್ ಸಿಸ್ಟರ್, ಇವತ್ತು ಇಷ್ಟೊತ್ತು?" ಎಂದರು ಬಾಗಿಲ ಬಳಿ ಕುರ್ಚಿಯಲ್ಲಿದ್ದ ಪೇಂಟರ್. "ಫಸ್ಟ್ ಕ್ಲಾಸಲ್ಲಿ ಪಾಸಾಗೋ ಸ್ಟೂಡೆಂಟನ್ನ ಯಾಕೆ ಕಾಯಿಸ್ತೀರಿ? ನನ್ನಂಥ ಫೇಲಾದವನು ಇನ್ನೂ ಸಾಲಲ್ಲಿದ್ದೀನಿ."

ಸಿಸ್ಟರ್ ದೀಪವನ್ನು ಹತ್ತಿರಕ್ಕೆ ಎಳೆದು ಮೇಡಂ ಎಡ ಅಂಗಾಲನ್ನು ಎತ್ತಿ ನೋಡಿದಳು. ಬೆರಳುಗಳ ಬುಡದಲ್ಲಿ ಗುಂಡಿಯಷ್ಟು ಅಗಲದ ಗುಳ್ಳೆ ಒಡೆದು, ಸುತ್ತ ಕೆಂಪಾಗಿತ್ತು. ಕಾಲುಚೀಲದ ಒಂದೆರಡು ಬೂದುಬಣ್ಣದ ನೂಲುಗಳು ಗಾಯದಲ್ಲೇ ಅಂಟಿ ಒಣಗಿದ್ದವು.

"ಮೇಡಂ, ಇದು ಯಾವಾಗ ಆಯ್ತು?"

"ಯಾವುದು?" ಎಂದು ಮೇಡಂ ಕಣ್ಣು ತೆರೆದರು.

ಸಿಸ್ಟರ್ ಕನ್ನಡಿ ಹಿಡಿದು ತೋರಿಸಿದಳು. ಮೇಡಂ ಅದರಲ್ಲಿ ತಮ್ಮ ಅಂಗಾಲನ್ನು ಬಹಳ ಹೊತ್ತು ನೋಡಿದರು. ಗಂಡನ ಕಾಲಿನ ಗೀರು ಗೀರನ್ನೂ ಬಲ್ಲವರು, ತಮ್ಮದನ್ನು ಯಾರದೋ ಕಾಲು ಎಂಬಂತೆ ನೋಡುತ್ತಿದ್ದರು.

"ಬಿಸಿನೀರಿನ ಚೀಲ ಇಟ್ಕೊಂಡಿದ್ದೆ," ಎಂದರು ಕೊನೆಗೆ. "ಹೋದ ವಾರ. ಕಾಲು ಯಾಕೋ ತಣ್ಣಗಿದೆ ಅನ್ನಿಸ್ತು. ಅಷ್ಟೇನೂ ಬಿಸಿ ಇರ್ಲಿಲ್ಲ ಕಣಮ್ಮ. ನನಗೆ ಬಿಸಿ ಅನ್ನಿಸ್ಲಿಲ್ಲ."

ಪೇಂಟರ್ ಎದ್ದು ಬಂದರು. ಗಾಯವನ್ನು ನೋಡಿದರು. ಅವರ ಬಾಯಿ ತಮಾಷೆಗೆಂದು ಅರ್ಧ ತೆರೆದದ್ದು ಹಾಗೇ ನಿಂತಿತು.

"ನಾನು ಮುಟ್ಟಿದ್ದು ನಿಮಗೆ ಗೊತ್ತಾಗ್ತಿರ್ಲಿಲ್ಲ, ಅಲ್ವಾ?" ಎಂದಳು ಸಿಸ್ಟರ್. "ಎಷ್ಟು ದಿನದಿಂದ?"

ಮೇಡಂ ಎದ್ದು ಕೂತು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಎಂಟು ತಿಂಗಳಿರಬಹುದು. ಒಂದಿನ ಹೋಗ್ತಾ ಹೋಗ್ತಾ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು, ಮನೆ ಬಾಗಿಲಿಗೆ ಬಂದ ಮೇಲೆ ನೋಡ್ಕೊಂಡೆ. ಹೋದ ಸಲ ಬಂದಾಗ್ಲೂ ನಿನ್ನ ಎಳೆ ಸರಿಯಾಗಿ ಗೊತ್ತಾಗ್ಲಿಲ್ಲ."

"ಮತ್ತೆ ಹೂಂ ಅಂದ್ರಲ್ಲ!"

"ನಾನೇನು ಮೋಸ ಮಾಡ್ಬೇಕು ಅಂತ ಮಾಡಿದ್ನಾ? ಮೂವತ್ತು ವರ್ಷ ಹುಡುಗರ ಬೆರಳಿನ ಲಯ ಕೇಳಿಸ್ಕೊಂಡು ಕೂತವಳು ನಾನು. ಯಾವ ಮೂಲೇಲಿ ಯಾವ ಮಷೀನು ತಪ್ಪು ಹೊಡೀತು ಅಂತ ತಿರುಗದೆ ಹೇಳ್ತಿದ್ದೆ. ನೀನು ಮುಂದೆ ಬಾಗಿದ್ರೆ ಸ್ಟೂಲು ಕಿರ್ ಅನ್ನತ್ತೆ, ಅದಾಗಿ ಒಂದು ಎಣಿಸೋದ್ರೊಳಗೆ ನೀನು ಮುಟ್ತೀಯ. ಬಾಯಿ ತಾನಾಗೇ ಹೂಂ ಅಂದುಬಿಡತ್ತೆ." ಸ್ವಲ್ಪ ತಡೆದು, ದನಿ ತಗ್ಗಿಸಿ ಸೇರಿಸಿದರು. "ಈ ಸಲ ಮಾತ್ರ ಬೇಕು ಅಂತಲೇ ಅಂದೆ. ನಾನು ಚೆನ್ನಾಗಿರೋರ ಪಟ್ಟಿಯವಳು ಕಣಮ್ಮ. ನಾನು ಚೆನ್ನಾಗಿಲ್ಲ ಅಂದ್ರೆ ಜೋಡೀನೇ ತೆಗೆದುಹಾಕ್ತೀರಿ. ಆಮೇಲೆ ಇವರ ಕಾಲು ಯಾರು ನೋಡ್ತಾರೆ? ಇಲ್ಲಿಗೆ ಬರೋಕೆ ಶುರುಮಾಡಿದ ಮೇಲೆ ಇವರಿಗೆ ಒಂದು ದೊಡ್ಡ ಗಾಯವೂ ಆಗಿಲ್ಲ."

ಸಿಸ್ಟರಿಗೆ ಅವರ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡದೆ, ಉಪ್ಪುನೀರಿನಲ್ಲಿ ಹತ್ತಿಯನ್ನು ನೆನೆಸಿ ಗಾಯದ ನೂಲುಗಳನ್ನು ಒಂದೊಂದಾಗಿ ಬಿಡಿಸಿದಳು. ಮೇಡಂ ಒಮ್ಮೆಯೂ ಹಾಯ್ ಅನ್ನಲಿಲ್ಲ. ಅಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಕಣ್ಣು ತುಂಬಿ ಬಂತು. ಆಮೇಲೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದಳು. ಇನ್ನೂರ ಅರವತ್ತೆಂಟು.

ದೊಡ್ಡ ಡಾಕ್ಟರ ಕೋಣೆ ಅದೇ ಮೊಗಸಾಲೆಯ ಕೊನೆಗಿತ್ತು. ಸಿಸ್ಟರ್ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಗಾಯ, ಸಕ್ಕರೆ, ಸ್ಟೂಲು, ತಾನು ಬಿಟ್ಟುಬಿಟ್ಟ ನಿಯಮ, ಯಾವುದನ್ನೂ ಮುಚ್ಚಿಡಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೀಗೆ ಎಷ್ಟು ಜನರಿಗೆ ಮಾಡಿದ್ದೀರಿ?"

"ಚೆನ್ನಾಗಿರೋರು ಅಷ್ಟೂ ಜನಕ್ಕೆ. ನಲವತ್ತೊಂದು."

"ನಲವತ್ತೊಂದು ಜನಾನೂ ಮತ್ತೆ ಕರೀರಿ. ಹಳೇ ಅಂಕಿ ಒಂದೂ ಬೇಡ." ಡಾಕ್ಟರು ಗದರಲಿಲ್ಲ, ಗದರಿದ್ದರೆ ಸಿಸ್ಟರಿಗೆ ಹಗುರಾಗುತ್ತಿತ್ತು. ಅವರು ಹದಿನೇಳನೆಯ ಫೈಲನ್ನು ಎಳೆದುಕೊಂಡು ಹಾಳೆ ತಿರುವಿದರು. "ಮೂರು ವರ್ಷದ ಹಿಂದೆ ಇವರ ಸಕ್ಕರೆ, ಕಾಯಿಲೆ ಅನ್ನೋ ಗೆರೆಗೆ ಒಂದು ಕೂದಲಷ್ಟು ಈಚೆ ಇತ್ತು. ಆಮೇಲೆ ನಾನು ನೋಡಿಸಲೇ ಇಲ್ಲ. ಕೊನೇಲಿ ಒಟ್ಟಿಗೆ ನೋಡೋಣ ಅಂತ ಬರೆದವನು ನಾನೇ. ನಡೀರಿ, ಗಾಯ ನೋಡೋಣ."

ಗಾಯ ಮೂಳೆಯವರೆಗೆ ಇಳಿದಿರಲಿಲ್ಲ. ಡಾಕ್ಟರು ಒತ್ತಿ ನೋಡಿ, ಮೂಸಿ ನೋಡಿ, ಸಕಾಲಕ್ಕೆ ಸಿಕ್ಕಿತು ಎಂದರು. ಒಂದು ತಿಂಗಳು ಜೋಪಾನ ಮಾಡಿದರೆ ಮಾಯುತ್ತದೆ, ಬೆರಳಿಗೇನೂ ಭಯವಿಲ್ಲ. ನರಗಳ ಮಾತು ಬೇರೆ. ಸತ್ತದ್ದು ಮರಳುವುದು ಕಡಿಮೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು.

"ನಮ್ಮ ಜೋಡಿ?" ಎಂದು ಮೇಡಂ ಕೇಳಿದರು. ಗಾಯದ ಬಗ್ಗೆ ಅವರು ಒಂದು ಮಾತೂ ಕೇಳಿರಲಿಲ್ಲ.

"ಜೋಡಿ ಹಾಗೇ ಬರತ್ತೆ ಮೇಡಂ. ಹೋಲಿಕೆಗೆ ಬೇರೆ ಯಾರನ್ನಾದ್ರೂ ಹುಡುಕ್ತೀವಿ. ಇನ್ಮೇಲೆ ಎರಡು ಜೊತೆ ಕಾಲು ನೋಡ್ತೀವಿ, ಅಷ್ಟೆ." ಡಾಕ್ಟರು ಸಿಸ್ಟರ್ ಕಡೆ ತಿರುಗಿದರು. "ಸ್ಪರ್ಶ ಎಲ್ಲಿಂದ ಶುರುವಾಗತ್ತೆ ಅಂತ ಗುರುತು ಹಾಕ್ಬೇಕು. ನೀವು ಬೇಡ, ನಿಮ್ಮ ಕೈ ಇವರಿಗೆ ಬಾಯಿಪಾಠ ಆಗಿದೆ. ವಾರ್ಡು ಮುಗಿಸಿ ನಾನೇ ಬರ್ತೀನಿ."

ಡಾಕ್ಟರು ಹೋದ ಮೇಲೆ, ಸದಾ ತಮಾಷೆಯಾಡುತ್ತಿದ್ದ ಪೇಂಟರ್ ಗೋಡೆಯ ಮೇಲಿನ ಪಾದದ ಚಿತ್ರವನ್ನು ನೋಡುತ್ತ ನಿಂತಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ?" ಎಂದರು, ಗೋಡೆಯ ಕಡೆಗೇ ಮುಖ ಮಾಡಿ.

"ಹೇಳಿದ್ರೆ ನೀವೇನು ಮಾಡ್ತಿದ್ರಿ?"

"ನಿನ್ನ ಕಾಲು ನೋಡ್ತಿದ್ದೆ."

ಮೇಡಂ ಮತ್ತೆ ಮಂಚದ ಮೇಲೆ ಕಾಲು ಚಾಚಿ ಮಲಗಿದರು. ಪೇಂಟರ್ ಸಿಸ್ಟರ್ ಮುಂದೆ ಬಂದು ಕೈ ಚಾಚಿದರು. "ಆ ಎಳೆ ಒಂದು ಕೊಡಿ ಸಿಸ್ಟರ್. ಡಾಕ್ಟರು ಬರೋ ತನಕ ನಾನೊಂದ್ಸಲ ನೋಡ್ತೀನಿ. ಮೂರು ವರ್ಷದಿಂದ ಇದರ ಕೈಲಿ ಚುಚ್ಚಿಸ್ಕೊಂಡಿದ್ದೀನಿ, ಹೇಗೆ ಹಿಡೀಬೇಕು ಅಂತ ಗೊತ್ತು."

ಒಂದು ನಿಯಮ ಮುರಿದೇ ಇಷ್ಟಾಗಿದೆ ಎಂದು ಸಿಸ್ಟರ್ ಒಂದು ಕ್ಷಣ ಹಿಂಜರಿದಳು. ಆದರೆ ಇದು ಪುಸ್ತಕದಲ್ಲಿ ಬರೆಯುವ ಪರೀಕ್ಷೆಯಲ್ಲ. ಅವಳು ಹೊಸ ಎಳೆಯೊಂದನ್ನು ಹಿಡಿಗೆ ಸಿಕ್ಕಿಸಿ ಅವರ ಕೈಗೆ ಕೊಟ್ಟಳು. ಕಿರ್ರೆನ್ನುವ ಸ್ಟೂಲನ್ನು ಬಾಗಿಲಾಚೆಗೆ ಇಟ್ಟು ಬಂದಳು.

ಪೇಂಟರ್ ಮಂಚದ ಕಾಲು ಹಿಡಿದು, ನಿಧಾನವಾಗಿ, ಮೊಣಕಾಲೂರಿ ನೆಲದ ಮೇಲೆ ಕೂತರು. ಎಳೆಯ ಹಿಡಿಯನ್ನು ಬ್ರಷ್ಷಿನ ಹಾಗೆ ಮೂರು ಬೆರಳಲ್ಲಿ ಹಿಡಿದು, ಕಿರುಬೆರಳನ್ನು ಹೆಂಡತಿಯ ಪಾದಕ್ಕೆ ಊರಲು ಹೋಗಿ, ಎಳೆಯ ಹೊರತು ಬೇರೇನೂ ತಾಗಬಾರದೆಂದು ನೆನಪಾಗಿ ಎತ್ತಿಕೊಂಡರು.

"ಕಣ್ಣು ಮುಚ್ಚು ಮೇಡಂ. ಸುಳ್ಳು ಹೇಳಂಗಿಲ್ಲ."

"ಇಲ್ಲ."

ಅವರು ಹೆಬ್ಬೆರಳನ್ನು ಮುಟ್ಟಿದರು. ಮೇಡಂ ತುಟಿ ಅಭ್ಯಾಸಬಲದಿಂದ ಅಲುಗಿತು, ಮುಚ್ಚಿಕೊಂಡಿತು. ಅವರು ಕಾದರು. ಸಿಸ್ಟರ್ ಎಂದೂ ಅಷ್ಟು ಹೊತ್ತು ಕಾದವಳಲ್ಲ. ಆಮೇಲೆ ಬೆರಳುಗಳ ಬುಡ, ಗಾಯದ ಪಟ್ಟಿಯ ಅಂಚು, ಪಾದದ ಮೇಲ್ಭಾಗ. ಒಂದೊಂದು ಕಡೆಯೂ ಎಳೆ ಬಾಗುತ್ತಿತ್ತು, ಅವರು ಕಾಯುತ್ತಿದ್ದರು, ಮೇಡಂ ಸುಮ್ಮನಿರುತ್ತಿದ್ದರು. ಅವರ ಮುಚ್ಚಿದ ರೆಪ್ಪೆಗಳಡಿಯಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಅದನ್ನು ಒರೆಸಲು ಸಿಸ್ಟರ್ ಮುಂದೆ ಹೋಗಿ, ಹೆಜ್ಜೆಯ ಸದ್ದಾದೀತೆಂದು ಅಲ್ಲೇ ನಿಂತಳು.

ಪೇಂಟರ್ ಸೀರೆಯ ಅಂಚನ್ನು ಸ್ವಲ್ಪ ಸರಿಸಿದರು. ಪಾದದ ಮೇಲಿನ ಹರಡಿನ ಗಂಟು. ಇಲ್ಲ. ಹರಡಿನಿಂದ ಎರಡು ಬೆರಳು ಮೇಲೆ. ಇಲ್ಲ. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈ ಮಾತ್ರ ಅಲುಗುತ್ತಿರಲಿಲ್ಲ. ಇನ್ನೆರಡು ಬೆರಳು ಮೇಲೆ, ಕಣಕಾಲಿನ ಒಳಬದಿಯಲ್ಲಿ ಎಳೆಯನ್ನು ಇಟ್ಟು, ಬಾಗುವಷ್ಟು ಒತ್ತಿದರು.

"ರೀ," ಎಂದರು ಮೇಡಂ. "ಅಲ್ಲಿ."

"ಇಲ್ಲೇನಾ?"

"ಹಾಂ. ಅಲ್ಲೇ. ಗೊತ್ತಾಗ್ತಿದೆ, ತೆಗೀರಿ."

ಪೇಂಟರ್ ತೆಗೆಯಲಿಲ್ಲ.