ಹನ್ನೊಂದನೆಯ ಹೆಸರು

ಹತ್ತು ಹೆಸರು ಬರೆಯಲು ಅನಂತಕೃಷ್ಣನಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಹನ್ನೊಂದನೆಯದಕ್ಕೆ ಬಂದಾಗ ಹೆಬ್ಬೆರಳು ಫೋನಿನ ಮೇಲೆ ನಿಂತುಬಿಟ್ಟಿತು. ಮೂರು ವರ್ಷದಿಂದ ಆ ಜಾಗದಲ್ಲಿ ಇದ್ದದ್ದು ಒಂದೇ ಹೆಸರು, ಲೋಹಿತ್. ಗುರುವಾರ ಸಂಜೆ ಏಳಕ್ಕೆ ಶನಿವಾರದ ಟೀಮನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಕ್ಲಬ್ಬಿನ ಪದ್ಧತಿ. ಆಗಲೇ ಏಳೂಕಾಲಾಗಿತ್ತು.

"ಇನ್ನೂ ಆಗ್ಲಿಲ್ವಾ? ದೇಶದ ಮಂತ್ರಿಮಂಡಲ ಮಾಡೋ ಹಾಗೆ ಕೂತಿದೀರಲ್ಲ," ಎಂದಳು ರಜನಿ, ಒಲೆಯ ಕಡೆಯಿಂದ ತಿರುಗದೆ.

ಮಂತ್ರಿಮಂಡಲಕ್ಕಾದರೆ ಆಕಾಂಕ್ಷಿಗಳು ಸಾಲುಗಟ್ಟಿ ನಿಲ್ಲುತ್ತಾರೆ. ಐರ್ಲೆಂಡಿನ ನೇಸ್ ಊರಾಚೆ, ಕುದುರೆ ಮೇಯುವ ಹೊಲಗಳ ನಡುವೆ ಇದ್ದ ಈ ಕ್ರಿಕೆಟ್ ಕ್ಲಬ್ಬಿಗೆ ಹನ್ನೊಂದು ಜನ ಸೇರುವುದೇ ಒಂದು ಗೆಲುವು. ನಿಜವಾದ ಗೆಲುವು ದೂರದ ನೆಂಟರಂತೆ ವರ್ಷಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಿತ್ತು. ಲೀಕ್ಸ್‌ಲಿಪ್ಪಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅನಂತಕೃಷ್ಣ ಐವತ್ತು ದಾಟಿದ ಮೇಲೆ ಆಡುವುದನ್ನು ಬಿಟ್ಟು ಕಾರ್ಯದರ್ಶಿಯಾಗಿದ್ದ. ಟೀಮ್ ಆರಿಸುವುದು, ಲೀಗಿನವರಿಗೆ ಈಮೇಲ್ ಬರೆಯುವುದು, ಚಹಾದ ಪಾತ್ರೆ ಹೊತ್ತು ತರುವುದು ಎಲ್ಲ ಅವನದೇ. ಈ ವರ್ಷ ಕೊರೊನಾದಿಂದಾಗಿ ಬೇಸಿಗೆ ಅರ್ಧ ಕಳೆದ ಮೇಲೆ ಆಟಕ್ಕೆ ಅನುಮತಿ ಸಿಕ್ಕಿತ್ತು. ಎಲ್ಲ ಸೇರಿ ನಾಲ್ಕೇ ನಾಲ್ಕು ಮ್ಯಾಚು.

ಹಿಂದಿನ ಸಂಜೆ ಝೂಮ್‌ನಲ್ಲಿ ಕಮಿಟಿ ಸೇರಿತ್ತು. ಕಮಿಟಿ ಎಂದರೆ ಮೂವರು: ಅವನು, ಎಪ್ಪತ್ತೈದರ ಅಧ್ಯಕ್ಷ ಬ್ರೆಂಡನ್, ಕ್ಯಾಪ್ಟನ್ ಅಭಿನಂದನ್. ಸಾಫ್ಟ್‌ವೇರ್ ಹುಡುಗ ಅಭಿ ವಿಕೆಟ್ ಕೀಪರೂ ಹೌದು. ಬ್ರೆಂಡನ್ ಮ್ಯೂಟ್ ತೆಗೆಯಲು ಹೆಣಗುತ್ತಿದ್ದಾಗ ಅಭಿ ಕನ್ನಡದಲ್ಲೇ ಹೇಳಿದ್ದ.

"ಅನಂತಣ್ಣ, ಕೆಟ್ಟ ಮನಸ್ಸಿಂದ ಹೇಳ್ತಿಲ್ಲ. ಲೋಹಿತ್ ದಿನಾ ಇರೋದು ಕೋವಿಡ್ ವಾರ್ಡಲ್ಲಿ. ಮನೇಲಿ ನನ್ನ ಹೆಂಡ್ತಿ ಅಪರ್ಣಾಗೆ ಏಳನೇ ತಿಂಗಳು. ಅವರು ಹಾಕಿದ ಚೆಂಡನ್ನ ಪ್ರತಿಸಲ ಹಿಡಿಯೋನು ನಾನು. ಇನ್ನಿಬ್ಬರೂ ಹೇಳಿದಾರೆ, ಡಾಕ್ಟ್ರು ಬಂದ್ರೆ ನಾವು ಬರಲ್ಲ ಅಂತ."

ವಿಷಯ ತಿಳಿದ ಬ್ರೆಂಡನ್ ಬಹಳ ಹೊತ್ತು ಗಲ್ಲ ಕೆರೆದುಕೊಂಡ. "ನಿನಗೆ ಬಿಟ್ಟದ್ದು, ಅನಂತ್. ಏನೇ ಮಾಡಿದರೂ ಆ ಮನುಷ್ಯನಿಗೆ ನೋವಾಗದ ಹಾಗೆ ಮಾಡು," ಎಂದು ಹೋಗಿಬಿಟ್ಟ.

ನೋವಾಗದ ಹಾಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅನಂತಕೃಷ್ಣ ಹನ್ನೊಂದನೆಯ ಜಾಗದಲ್ಲಿ ತನ್ನ ಆಫೀಸಿನ ವಿಶ್ವೇಶ್ವರನ ಹೆಸರು ಹಾಕಿದ. ವಿಶ್ವೇಶ್ವರ ಬ್ಯಾಟನ್ನು ಸೌಟಿನ ಹಾಗೆ ಹಿಡಿಯುತ್ತಿದ್ದ. ಪಟ್ಟಿ ಕಳಿಸುವ ಮುಂಚೆ ಲೋಹಿತನಿಗೆ ಫೋನ್ ಮಾಡಿದ.

"ಹೇಳಿ ಅಣ್ಣ." ಹಿಂದೆ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

"ಈ ವಾರ ನಿನಗೆ ರೆಸ್ಟ್ ಕೊಡೋಣ ಅಂತ, ಲೋಹಿತ್. ಫಾರ್ಮ್ ಸ್ವಲ್ಪ... ಹೋದ ವರ್ಷ ಒಂಬತ್ತು ಮ್ಯಾಚಿಗೆ ನಾಲ್ಕೇ ವಿಕೆಟ್ ಆಯ್ತಲ್ಲ."

ಲೋಹಿತ್ ಕೇಳಿದ, "ಚೆಂಡು ತಿರುಗ್ತಿಲ್ಲ, ಅಲ್ವಾ?"

"ಹೂಂ. ತಿರುಗ್ತಿಲ್ಲ."

"ಸರಿ ಅಣ್ಣ. ಪ್ರಾಕ್ಟೀಸ್ ಮಾಡ್ತೀನಿ. ನೆಟ್ ಬೀಗದ ನಂಬರು ಹಳೇದೇನಾ?"

ಹಳೆಯದೇ ಎಂದ ಅನಂತಕೃಷ್ಣ. ಫೋನ್ ಇಟ್ಟು ಪಟ್ಟಿಯನ್ನು ಗುಂಪಿಗೆ ಕಳಿಸಿದ. ಮೈಸೂರಿನಲ್ಲಿ ಓದಿ ಬಂದ ಲೋಹಿತ್ ಐದು ವರ್ಷದಿಂದ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿ ವಂದನಾ ಫೆಬ್ರವರಿಯಲ್ಲಿ ತಮ್ಮನ ಮದುವೆಗೆಂದು ಮಗಳನ್ನು ಕರೆದುಕೊಂಡು ಊರಿಗೆ ಹೋದವಳು ವಿಮಾನಗಳು ನಿಂತು ಅಲ್ಲೇ ಉಳಿದಿದ್ದಳು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ, ಆಸ್ಪತ್ರೆಯಲ್ಲಿ ಎಲ್ಲರ ಮುಖಕ್ಕೂ ಮುಸುಕು. ಏಪ್ರಿಲ್‌ನಿಂದ ಅವನು ಪ್ರತಿವಾರ ಕೇಳುತ್ತಿದ್ದದ್ದು ಒಂದೇ: "ಆಟ ಯಾವಾಗ ಶುರು, ಅಣ್ಣ?"

ಮೊದಲ ಮೂರು ಮ್ಯಾಚೂ ಸೋತರು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಶ್ವೇಶ್ವರ ಬಿಟ್ಟ ಕ್ಯಾಚುಗಳನ್ನು ಎಣಿಸುವುದನ್ನು ಜನ ಬಿಟ್ಟರು. ಪ್ರತಿ ಸೋಮವಾರ ಲೋಹಿತನಿಂದ ಒಂದು ವಿಡಿಯೊ ಬರುತ್ತಿತ್ತು. ಖಾಲಿ ನೆಟ್, ಒಂದೇ ಒಂದು ಸ್ಟಂಪ್, ಪಕ್ಕದಿಂದ ಓಡಿಬಂದು ಚೆಂಡೆಸೆಯುವ ಲೋಹಿತ್. ಕೆಳಗೆ ಒಂದು ಸಾಲು: "ಸ್ವಲ್ಪ ತಿರುಗ್ತಾ ಇದೆ ಅಣ್ಣ." ಅನಂತಕೃಷ್ಣ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ.

ಒಂದು ದಿನ ವಿಡಿಯೊ ನೋಡಿದ ಮಗಳು ಸಿಂಧು ವಿಚಾರಿಸಿದಳು. ಅವನು ನಡೆದದ್ದನ್ನು ಹೇಳಿದ. ಕನ್ನಡವೆಲ್ಲ ಅರ್ಥವಾದರೂ ಉತ್ತರ ಮಾತ್ರ ಐರಿಷ್ ರಾಗದ ಇಂಗ್ಲಿಷಿನಲ್ಲಿ ಕೊಡುವ ಹುಡುಗಿ. "ಸೋ ಯೂ ಟೋಲ್ಡ್ ಹಿಮ್ ಹೀಸ್ ರಬಿಷ್? ದಟ್ಸ್ ವರ್ಸ್, ಅಪ್ಪಾ."

"ಬೇಜಾರಾಗಬಾರದು ಅಂತ ಹಾಗೆ ಹೇಳಿದ್ದು ಕಣೇ."

ಸಿಂಧು ಅವನನ್ನು ಒಮ್ಮೆ ನೋಡಿ ಮೇಲೆ ಹೊರಟುಹೋದಳು.

ಕೊನೆಯ ಮ್ಯಾಚಿನ ವಾರ, ಬುಧವಾರ ಸಂಜೆ, ಹುಲ್ಲು ಕತ್ತರಿಸಿದ್ದಾರೋ ಇಲ್ಲವೋ ನೋಡಲು ಅನಂತಕೃಷ್ಣ ಮೈದಾನಕ್ಕೆ ಹೋದ. ಬಿಸಿಲು ಇನ್ನೂ ಇತ್ತು. ನೆಟ್ಟಿನಲ್ಲಿ ಲೋಹಿತ್ ಒಬ್ಬನೇ ಇದ್ದ. ಮಾಸ್ಕಿನ ದಾರ ಕೊರೆದ ಗುರುತು ಕೆನ್ನೆಯ ಮೇಲೆ ಕೆಂಪಗಿತ್ತು. ಆರು ಚೆಂಡು ಹಾಕಿದ. ಪ್ರತಿಸಲ ತಾನೇ ಹೋಗಿ ಎತ್ತಿಕೊಂಡು ಬಂದ. ಆರಾದ ಮೇಲೆ ಜೇಬಿನಿಂದ ಒದ್ದೆ ಟಿಶ್ಯೂ ತೆಗೆದು ಚೆಂಡನ್ನು ಸುತ್ತಲೂ ಒರೆಸಿದ. ಮಗುವಿನ ಮುಖ ಒರೆಸುವಷ್ಟು ನಿಧಾನವಾಗಿ ಒರೆಸಿದ. ಬೇರೆ ಯಾರೂ ಮುಟ್ಟದ ಚೆಂಡು ಅದು. ಅನಂತಕೃಷ್ಣನಿಗೆ ಹೊಳೆಯಿತು. ಇವನಿಗೆ ಎಲ್ಲ ಗೊತ್ತಿದೆ.

"ಲೋಹಿತ್, ಯಾರು ಹೇಳಿದ್ರು ನಿನಗೆ?"

ಲೋಹಿತ್ ನಕ್ಕ. ನಾಲ್ಕು ಮಾರು ದೂರದಲ್ಲೇ ನಿಂತ. "ಯಾರು ಹೇಳಬೇಕು ಅಣ್ಣ? ನಾನು ಡಾಕ್ಟ್ರು. ಅಂಗಡೀಲಿ ನನ್ನ ನೋಡಿ ಅಪರ್ಣಾ ಆ ಕಡೆ ಸಾಲಿಗೆ ಹೋದ್ಲು. ಅವಳು ಮಾಡಿದ್ದೂ ಸರಿನೇ. ಟೆಸ್ಟ್ ಮಾಡಿಸ್ತಾನೇ ಇರ್ತೀನಿ, ಏನಿಲ್ಲ ಅಂತಾನೇ ಬರುತ್ತೆ. ಆದ್ರೂ ಹೆದರಿಕೆ ಹೆದರಿಕೆನೇ."

"ನಾನು ಸುಳ್ಳು ಹೇಳಬಾರದಿತ್ತು."

"ಅಯ್ಯೋ, ಅದು ಒಳ್ಳೇದೇ ಆಯ್ತು. ವಾರ್ಡು ಅಂದಿದ್ರೆ ನಾನೇನು ಮಾಡಕ್ಕಾಗ್ತಿತ್ತು? ಫಾರ್ಮು ಅಂದ್ರಿ. ಫಾರ್ಮ್ ಆದ್ರೆ ಸರಿಮಾಡ್ಕೋಬಹುದಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗೋ ಬದ್ಲು ಇಲ್ಲಿಗೆ ಬರ್ತಿದ್ದೆ."

ಲೋಹಿತ್ ಬೇರೆ ಕಡೆ ನೋಡುತ್ತ, "ಸೋಮವಾರದಿಂದ ನಾನು ಕಾರ್ಕಿಗೆ. ಆ ಊರಿನ ಆಸ್ಪತ್ರೇಲಿ ಕೆಲಸ ಸಿಕ್ತು. ಈ ಶನಿವಾರ ಒಂದೇ ಬಾಕಿ, ನೋಡಿ," ಎಂದು ಮತ್ತೊಂದು ಎಸೆತಕ್ಕೆ ಓಡಿದ.

ಚೆಂಡು ಎಡಗಡೆ ಬಿದ್ದು, ಗಿರ್ರನೆ ತಿರುಗಿ, ಸ್ಟಂಪಿಗೆ ತಾಗಿ, ಉರುಳುತ್ತ ಅನಂತಕೃಷ್ಣನ ಕಾಲ ಬಳಿ ಬಂದು ನಿಂತಿತು. ಅವನು ಬಗ್ಗಿದ. ಕೈ ಅರ್ಧಕ್ಕೆ ಹೋಯಿತು. ರಜನಿಯ ಉಬ್ಬಸ ನೆನಪಾಯಿತು, ಮಾರ್ಚಿನಲ್ಲಿ ಅವಳು ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ್ದು ನೆನಪಾಯಿತು. ಕೈ ಹಿಂದಕ್ಕೆ ಬಂತು. ಶೂವಿನ ತುದಿಯಿಂದ ಚೆಂಡನ್ನು ಲೋಹಿತನ ಕಡೆಗೆ ತಳ್ಳಿದ.

"ಥ್ಯಾಂಕ್ಸ್ ಅಣ್ಣ," ಎಂದು ಲೋಹಿತ್ ಚೆಂಡೆತ್ತಿಕೊಂಡು ಮತ್ತೆ ಟಿಶ್ಯೂ ತೆಗೆದ.

ಮಾರನೆಯ ದಿನ ಏಳಕ್ಕೆ ಅನಂತಕೃಷ್ಣ ಹತ್ತು ಹೆಸರು ಹಾಕಿ, ಹನ್ನೊಂದನೆಯದರ ಮುಂದೆ "ನಾಳೆ ತಿಳಿಸಲಾಗುವುದು" ಎಂದು ಬರೆದ. ಕ್ಲಬ್ಬಿನ ಇತಿಹಾಸದಲ್ಲೇ ಹಾಗಾಗಿರಲಿಲ್ಲ. ಅಭಿಗೆ ಆಗಲೇ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಬೈಸಿಕೊಳ್ಳುವುದಕ್ಕೂ ಧೈರ್ಯ ಬೇಕು.

ಶುಕ್ರವಾರ ಮಧ್ಯಾಹ್ನ ಕಾರ್ಖಾನೆಯ ಪಾರ್ಕಿಂಗಿನಿಂದ ಅಭಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ, ಟಿಶ್ಯೂವಿನ ವಿಷಯವನ್ನೂ ಹೇಳಿದ.

"ಅವರನ್ನ ಹಾಕಿ ಅಣ್ಣ," ಎಂದ ಅಭಿ. "ಆ ಇಬ್ಬರ ಹತ್ರ ನಾನು ಮಾತಾಡ್ತೀನಿ. ನಾನು ಆಡಲ್ಲ, ಬೌಂಡರಿ ಆಚೆ ಕೂತು ಸ್ಕೋರ್ ಬರೀತೀನಿ. ಆದ್ರೆ ಕೀಪಿಂಗ್‌ಗೆ ಯಾರು?"

"ನಾನಿದೀನಲ್ಲ."

"ನೀವಾ? ಬಗ್ಗಿದ್ರೆ ಎಬ್ಬಿಸೋಕೆ ಇಬ್ಬರು ಬೇಕು."

ಇಬ್ಬರೂ ನಕ್ಕರು. ಎಷ್ಟೋ ವಾರದ ಮೇಲೆ ನಕ್ಕಿದ್ದು. ಮನೆಗೆ ಬಂದು ರಜನಿಗೆ ಹೇಳಿದಾಗ ಅವಳು ಚಪಾತಿ ಹಿಟ್ಟಿನ ಕೈ ತೊಳೆದುಕೊಂಡಳು. "ಆಡಿ. ಪಾಪ, ಮನೆಯವರು ಯಾರೂ ಇಲ್ಲ ಅವನಿಗೆ. ಬಂದ ಮೇಲೆ ಏನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ," ಎಂದಳು.

ಸಂಜೆ ಅನಂತಕೃಷ್ಣ ಹನ್ನೊಂದನೆಯ ಹೆಸರು ಹಾಕಿ ಪಟ್ಟಿ ಕಳಿಸಿದ. ಎರಡೇ ನಿಮಿಷದಲ್ಲಿ ಲೋಹಿತನಿಂದ ಒಂದು ಫೋಟೊ ಬಂತು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಶರ್ಟು, ಮಂಚದ ಮೇಲೆ ಹಾಸಿಟ್ಟಿದ್ದು. "ಜುಲೈಯಿಂದ ರೆಡಿ ಇದೆ ಅಣ್ಣ," ಎಂದು ಬರೆದಿದ್ದ.

ಅಡುಗೆಮನೆಯಲ್ಲಿ ಬಗ್ಗಿ ಎದ್ದು ಅಭ್ಯಾಸ ಮಾಡುತ್ತಿದ್ದ ಅನಂತಕೃಷ್ಣನನ್ನು ಸಿಂಧು ನಡುಮನೆಯಿಂದ ಕೂಗಿದಳು. ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಸೋಂಕು ಏರಿದ್ದರಿಂದ ಈ ರಾತ್ರಿಯಿಂದ ಮೂರು ಕೌಂಟಿ ಬಂದ್, ತಾವಿದ್ದ ಕಿಲ್ಡೇರ್ ಅದರಲ್ಲೊಂದು. ಎರಡು ವಾರ ಯಾವ ಪಂದ್ಯವೂ ಇಲ್ಲ. ಲೀಗಿನ ಈಮೇಲ್ ಆಗಲೇ ಬಂದಿತ್ತು. ಉಳಿದ ಮ್ಯಾಚು ರದ್ದು, ಸೀಸನ್ ಮುಗಿಯಿತು.

"ಅಪ್ಪಾ, ಐಮ್ ಸಾರಿ," ಎಂದಳು ಸಿಂಧು. ಅವನು ಫೋನ್ ನೋಡಿದ. ಪಟ್ಟಿ ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ಮೂರು ಶನಿವಾರ ಕೈಯಲ್ಲಿದ್ದವು. ಯಾವುದಾದರೂ ಒಂದು ಗುರುವಾರ ಅಭಿಗೆ ಈ ಫೋನನ್ನು ಮಾಡಿದ್ದರೆ ಆಗುತ್ತಿತ್ತು. ಲೋಹಿತನಿಗೆ ಏನು ಬರೆಯಬೇಕೆಂದು ತಿಳಿಯದೆ ಬರೆದು ಬರೆದು ಅಳಿಸಿದ. ಕೊನೆಗೆ ಲೋಹಿತನೇ ಗುಂಪಿನಲ್ಲಿ ಬರೆದ: "ಗ್ರ್ಯಾಂಡ್ ಗ್ರ್ಯಾಂಡ್, ಪರವಾಗಿಲ್ಲ. ಎಲ್ಲರೂ ಹುಷಾರಾಗಿರಿ."

ಸೋಮವಾರ ಬೆಳಿಗ್ಗೆ ಅವನಿಗೊಬ್ಬನಿಗೇ ಇನ್ನೊಂದು ಸಾಲು ಬಂತು. "ಹೊರಟೆ ಅಣ್ಣ. ಚೆಂಡು ನೆಟ್ಟಲ್ಲೇ ಚೀಲದಲ್ಲಿ ನೇತು ಹಾಕಿದೀನಿ, ಕ್ಲಬ್ಬಿಗೆ ಇರಲಿ. ಚೆನ್ನಾಗಿ ಒರೆಸಿದೀನಿ."

ಅನಂತಕೃಷ್ಣ ಸಂಜೆ ಮೈದಾನಕ್ಕೆ ಹೋದ. ಚೀಲ ಕಂಬಕ್ಕೆ ಕಟ್ಟಿತ್ತು. ಗಂಟು ಬಿಚ್ಚಿ ಕೈ ಹಾಕಿ ಚೆಂಡನ್ನು ಹೊರತೆಗೆದ. ಒರೆಸಿ ಒರೆಸಿ ಅದರ ಕೆಂಪು ಪೂರಾ ಹೋಗಿತ್ತು, ಹೊಲಿಗೆ ಮಾತ್ರ ಬೆರಳಿಗೆ ಸಿಗುತ್ತಿತ್ತು. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತ. ಆಮೇಲೆ ಲೋಹಿತ್ ಓಡಿಬರುತ್ತಿದ್ದ ಜಾಗಕ್ಕೆ ಹೋಗಿ, ಅವನು ಹಿಡಿಯುತ್ತಿದ್ದ ಹಾಗೆ ಹಿಡಿದು, ಸ್ಟಂಪಿನ ಕಡೆಗೆ ಎಸೆದ.

ಚೆಂಡು ತಿರುಗಲಿಲ್ಲ. ನೆಟ್ಟಗೆ ಹೋಗಿ ಬಲೆಗೆ ತಾಗಿ ಹುಲ್ಲಿನಲ್ಲಿ ನಿಂತಿತು. ಅವನು ಅದನ್ನು ಎತ್ತಿಕೊಂಡು ಬರಲು ಹೋದ.